ಕರಾಚಿ–ಮುಂಬಯಿ: ಏಳೂಕಾಲು ಗಂಟೆಯ ಹಾದಿ

ಕರಾಚಿಯ ವಿಮಾನ ನಿಲ್ದಾಣಕ್ಕೂ ಮುಂಬಯಿಯ ವಿಮಾನ ನಿಲ್ದಾಣಕ್ಕೂ ನಡುವಿನ ನೇರ ವಾಯುದೂರ ಸುಮಾರು 870 ಕಿಲೋಮೀಟರ್. ಬೆಂಗಳೂರಿನಿಂದ ಮುಂಬಯಿಗಿರುವ ದೂರಕ್ಕಿಂತ ಇದು ಹೆಚ್ಚೆಂದರೆ ನಲವತ್ತು ಕಿಲೋಮೀಟರ್ ಜಾಸ್ತಿ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಸಾಗುವ ಇಂದಿನ ಜೆಟ್ ವಿಮಾನಕ್ಕೆ, ಏರುವ ಇಳಿಯುವ ಹೊತ್ತನ್ನೂ ಸೇರಿಸಿಕೊಂಡರೆ, ಒಂದೂವರೆ ಗಂಟೆಯ ಪ್ರಯಾಣ. ಕಾಫಿ ಕೊಟ್ಟು ಖಾಲಿ ಲೋಟ ಹಿಂದಕ್ಕೆ ಪಡೆಯುವಷ್ಟರಲ್ಲಿ ಬೆಲ್ಟ್ ಬಿಗಿದುಕೊಳ್ಳಿ ಎಂಬ ಸೂಚನೆ ಬರುವಷ್ಟು ಹತ್ತಿರ.

ಆದರೆ 2025ರಲ್ಲಿ ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ಹೊರಟವರು ಮೊದಲು ಪಶ್ಚಿಮಕ್ಕೆ, ಅಂದರೆ ಮುಂಬಯಿಗೆ ಬೆನ್ನು ಹಾಕಿ, ದುಬೈಗೋ ಕೊಲ್ಲಿಯ ಇನ್ನೊಂದು ಊರಿಗೋ ಹೋಗಬೇಕಾಗಿತ್ತು. ಅಲ್ಲಿ ಕಾದು, ಇನ್ನೊಂದು ವಿಮಾನ ಹತ್ತಿ, ಅರಬ್ಬಿ ಸಮುದ್ರವನ್ನು ದಾಟಿ ಬರಬೇಕಾಗಿತ್ತು. ದುಬೈ ಮೂಲಕ ಲೆಕ್ಕ ಹಾಕಿದರೆ ದೂರ 3,100 ಕಿ.ಮೀ. ಮೀರುತ್ತದೆ. ಆಕಾಶದಲ್ಲಿ ಕಳೆಯುವ ಹೊತ್ತೇ ಹತ್ತಿರ ಹತ್ತಿರ ಐದು ಗಂಟೆ. ನಡುವೆ ಕಾಯುವ ಹೊತ್ತನ್ನು ಸೇರಿಸಿದರೆ ಎಂಟು, ಹತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು.

ಇದೇ ಹಾದಿಯನ್ನು 1932ರಲ್ಲಿ ಒಂಟಿ ಎಂಜಿನ್ನಿನ, ಗಂಟೆಗೆ 160 ಕಿ.ಮೀ. ವೇಗದ ಪುಟ್ಟ ವಿಮಾನವೊಂದು ಮಧ್ಯದಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡೂ ಏಳೂಕಾಲು ಗಂಟೆಯಲ್ಲಿ ಕ್ರಮಿಸಿತ್ತು. ವಿಮಾನಗಳ ವೇಗ ಐದು ಪಟ್ಟು ಹೆಚ್ಚಿದ ಮೇಲೆ ಪ್ರಯಾಣದ ಅವಧಿ ಕಡಿಮೆಯಾಗಬೇಕಿತ್ತಲ್ಲ! ಅದು ಹೆಚ್ಚಾದದ್ದು ಹೇಗೆ ಎಂಬುದು ಎಂಜಿನಿಯರುಗಳು ಉತ್ತರಿಸಬಹುದಾದ ಪ್ರಶ್ನೆಯಲ್ಲ.

ಎರಡು ನಿಲ್ದಾಣಗಳ ನಡುವಿನ ದೂರವನ್ನು ಭೂಗೋಲದ ಮೇಲೆ ದಾರ ಬಿಗಿದು ಅಳೆಯುವುದು ರೂಢಿ. ಭೂಮಿ ದುಂಡಗಿರುವುದರಿಂದ ಈ ದಾರ ನಕ್ಷೆಯ ಮೇಲೆ ಬಾಗಿದಂತೆ ಕಾಣುತ್ತದೆ. ಆದರೂ ಎರಡು ಊರುಗಳ ನಡುವಿನ ಅತಿ ಕಡಿಮೆ ದೂರ ಅದೇ. ಈ ಅಂಕಿ ಎಂದಿಗೂ ಬದಲಾಗದು. ಬದಲಾಗುವುದು ಹಾರಾಟದ ಅವಧಿ. ಅದು ವಿಮಾನದ ವೇಗವನ್ನು, ಒಂದು ಸಲ ತುಂಬಿಸಿದ ಇಂಧನ ಎಷ್ಟು ದೂರಕ್ಕೆ ಸಾಕೆಂಬುದನ್ನು, ಗಾಳಿಯ ದಿಕ್ಕನ್ನು ಅವಲಂಬಿಸಿದೆ. ಇವೆಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಕೆಳಗಿನ ನೆಲದ ಒಡೆಯರು ಮೇಲೆ ಹಾರಲು ಬಿಡುತ್ತಾರೆಯೇ? ಕರಾಚಿ–ಮುಂಬಯಿ ಹಾದಿಯ ತೊಂಬತ್ತು ವರ್ಷಗಳ ಚರಿತ್ರೆಯಲ್ಲಿ ಮೊದಲ ಸಂಗತಿಗಳೆಲ್ಲ ಒಂದೊಂದಾಗಿ ಸುಧಾರಿಸುತ್ತ ಹೋದವು. ಕೊನೆಯದು ಕೈಕೊಟ್ಟಿತು.

ಇಪ್ಪತ್ತರ ದಶಕದ ಕೊನೆಗೆ ಕರಾಚಿ ಭಾರತದ ಆಕಾಶದ ಹೆಬ್ಬಾಗಿಲಾಗಿತ್ತು. ಯೂರೋಪಿನಿಂದ ಪರ್ಷಿಯಾ ಕೊಲ್ಲಿಯ ದಂಡೆ ಹಿಡಿದು ಬರುವ ವಿಮಾನಕ್ಕೆ ಸಿಗುವ ಮೊದಲ ದೊಡ್ಡ ಊರು ಅದು. ಮಳೆ ಕಡಿಮೆ, ನೆಲ ಸಮತಟ್ಟು, ವರ್ಷದ ಬಹುಭಾಗ ಆಕಾಶ ತಿಳಿ. ಬ್ರಿಟಿಷರು ಇಂಗ್ಲೆಂಡಿನಿಂದ ಭಾರತಕ್ಕೆ ಬೃಹತ್ ವಾಯುನೌಕೆಗಳನ್ನು ಓಡಿಸುವ ಕನಸಿನಲ್ಲಿ ಅಲ್ಲಿ ಬೆಟ್ಟದಂಥ ಒಂದು ಶೆಡ್ಡನ್ನೂ ಕಟ್ಟಿಸಿದ್ದರು. ಆ ಶೆಡ್ಡಿಗೆ ಬರಬೇಕಾಗಿದ್ದ ಆರ್-101 ವಾಯುನೌಕೆ 1930ರ ಅಕ್ಟೋಬರ್ 5ರಂದು ಫ್ರಾನ್ಸಿನ ಬೋವೆ ಬಳಿ ನೆಲಕ್ಕಪ್ಪಳಿಸಿ 48 ಜನ ಸತ್ತರು. ಆ ಅತಿಥಿ ಬರಲೇ ಇಲ್ಲ. ಮನೆ ಮಾತ್ರ ಎಷ್ಟೋ ವರ್ಷ ನಿಂತಿತ್ತು.

ಬಂದದ್ದು ಇಂಪೀರಿಯಲ್ ಏರ್‌ವೇಸ್‌ನ ಅಂಚೆ ವಿಮಾನ. 1929ರ ಮಾರ್ಚ್ 30ರಂದು ಲಂಡನ್ನಿನ ಕ್ರಾಯ್ಡನ್‌ನಿಂದ ಹೊರಟ ಮೊದಲ ಅಂಚೆ ಒಂದು ವಾರದಲ್ಲಿ ಕರಾಚಿ ಸೇರಿತು. ಅದೂ ಇಡೀ ಹಾದಿ ವಿಮಾನದಲ್ಲಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್‌ನಿಂದ ಇಟಲಿಯ ಜಿನೋವಾವರೆಗೆ ರೈಲು, ಅಲ್ಲಿಂದ ಈಜಿಪ್ಟಿಗೆ ನೀರಿನ ಮೇಲೆ ಇಳಿಯುವ ವಿಮಾನ, ಮುಂದೆ ಮತ್ತೊಂದು. ಇಷ್ಟಾದರೂ ಹಡಗಿನ ಅಂಚೆಗಿಂತ ಎಷ್ಟೋ ಬೇಗ. ತೊಂದರೆ ಶುರುವಾಗುತ್ತಿದ್ದುದು ಕರಾಚಿಯಿಂದೀಚೆಗೆ. ಮುಂಬಯಿಯ ವ್ಯಾಪಾರಿಯ ಕಾಗದ ಕರಾಚಿಯಲ್ಲಿಳಿದು ರೈಲು ಹತ್ತಬೇಕು. ಆ ರೈಲುಹಾದಿಯೋ ಸಿಂಧ್‌ನ ಮರಳುಗಾಡು, ಜೋಧಪುರ ಸೀಮೆ, ಅಹಮದಾಬಾದ್ ಎಂದು ಸುತ್ತಿಕೊಂಡು ಬರುವಂಥದು. ನಡುವೆ ಎರಡು ಸಲ ಗೇಜು ಬದಲಾಗುತ್ತಿತ್ತು. ಅಂದರೆ ಎರಡು ಸಲ ಮೂಟೆಗಳನ್ನು ಇಳಿಸಿ ಏರಿಸಬೇಕು. ಮುಂಬಯಿ, ಮದರಾಸುಗಳ ವರ್ತಕರಿಗೆ ಲಂಡನ್ನಿನಿಂದ ಬಂದ ದರಪಟ್ಟಿ ಒಂದು ದಿನ ಮೊದಲು ಸಿಗುವುದಕ್ಕೂ ಎರಡು ದಿನ ತಡವಾಗಿ ಸಿಗುವುದಕ್ಕೂ ಇದ್ದ ಅಂತರ ಬರಿಯ ಕಾಲದ್ದಲ್ಲ, ಹಣದ್ದು.

ಈ ಕೊರತೆಯನ್ನು ಕಂಡವರು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕ. ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದ ಈ ಆಸಾಮಿ ಊರೂರಿಗೆ ವಿಮಾನ ತೆಗೆದುಕೊಂಡು ಹೋಗಿ ಜನರನ್ನು ಕೂರಿಸಿಕೊಂಡು ಹಾರಿಸುತ್ತಿದ್ದವರು; ಹೀಗಾಗಿ ಭಾರತದ ಬಯಲುಗಳನ್ನು ಮೇಲಿನಿಂದ ಬಲ್ಲವರು. ಕರಾಚಿಯಿಂದ ಮುಂಬಯಿಗೂ ಅಲ್ಲಿಂದ ಮದರಾಸಿಗೂ ಅಂಚೆ ಒಯ್ಯುವ ಯೋಜನೆಯೊಡನೆ ಅವರು ಬಂದದ್ದು ಟಾಟಾ ಸಂಸ್ಥೆಗೆ. ಅಲ್ಲಿ ಅವರಿಗೆ ಸಿಕ್ಕವರು ಇಪ್ಪತ್ತೈದರ ಆಸುಪಾಸಿನ ಜಹಾಂಗೀರ್ ರತನ್‌ಜಿ ದಾದಾಭಾಯ್ ಟಾಟಾ. 1929ರ ಫೆಬ್ರವರಿ 10ರಂದು ಭಾರತದಲ್ಲಿ ಕೊಡಲಾದ ಮೊದಲ ಪೈಲಟ್ ಪರವಾನಗಿ ಪಡೆದಿದ್ದ ಜೆ.ಆರ್.ಡಿ.ಗೆ ವಿಮಾನವೆಂದರೆ ಹುಚ್ಚು. ಇಂಗ್ಲೆಂಡ್–ಭಾರತ ಒಂಟಿ ಹಾರಾಟಕ್ಕೆ ಆಗಾ ಖಾನ್ ಇಟ್ಟಿದ್ದ ಬಹುಮಾನಕ್ಕಾಗಿ 1930ರಲ್ಲಿ ಕರಾಚಿಯಿಂದ ಹೊರಟಿದ್ದ ಅವರು, ಎದುರಿನಿಂದ ಬರುತ್ತಿದ್ದ ಸ್ಪರ್ಧಿ ಆಸ್ಪಿ ಎಂಜಿನಿಯರ್ ಈಜಿಪ್ಟಿನ ಅಬೂಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ಸಿಕ್ಕಿಕೊಂಡಿದ್ದಾಗ ತಮ್ಮದನ್ನು ಕೊಟ್ಟು ಕಳುಹಿಸಿದರು. ಬಹುಮಾನ ಆಸ್ಪಿಗೇ ಹೋಯಿತು. (ಆ ಹುಡುಗನೇ ಮುಂದೆ ಭಾರತೀಯ ವಾಯುಪಡೆಯ ಮುಖ್ಯಸ್ಥನಾದ.)

ಸಂಸ್ಥೆಯ ಹಿರಿಯ ದೊರಾಬ್‌ಜಿ ಟಾಟಾ ಅವರಿಗೆ ಈ ವಿಮಾನದ ವ್ಯವಹಾರದಲ್ಲಿ ಅಂಥ ನಂಬಿಕೆಯಿರಲಿಲ್ಲ. ಕೇಳಿದ ಬಂಡವಾಳ ಎರಡು ಲಕ್ಷ ರೂಪಾಯಿ. ಹುಡುಗರ ಉತ್ಸಾಹಕ್ಕೆ ಅಷ್ಟು ಹೋದರೆ ಹೋಗಲಿ ಎಂದು ಒಪ್ಪಿದರೆನ್ನಬೇಕು. ಸರ್ಕಾರದ ಉತ್ಸಾಹ ಅದಕ್ಕಿಂತಲೂ ಕಡಿಮೆ. ಜಗತ್ತಿನಾದ್ಯಂತ ಆರ್ಥಿಕ ಮುಗ್ಗಟ್ಟಿನ ಕಾಲ. ಸಹಾಯಧನ ಕೊಡಲಾಗದು ಎಂದು ದಿಲ್ಲಿ ಕೈಯಾಡಿಸಿತು. ಕೊನೆಗೆ ಸಹಾಯಧನವೇ ಬೇಡ, ಒಯ್ದ ಅಂಚೆಯ ತೂಕಕ್ಕೆ ತಕ್ಕ ಹಣ ಕೊಟ್ಟರೆ ಸಾಕು ಎಂದ ಮೇಲೆ 1932ರ ಏಪ್ರಿಲ್‌ನಲ್ಲಿ ಒಪ್ಪಂದವಾಯಿತು.

ಸೇವೆ ಆರಂಭವಾದದ್ದು 1932ರ ಅಕ್ಟೋಬರ್ 15ರಂದು. ಬೆಳಿಗ್ಗೆ 6.35ಕ್ಕೆ ಕರಾಚಿಯ ಡ್ರಿಗ್ ರೋಡ್ ವಿಮಾನ ನಿಲ್ದಾಣದಿಂದ ಜೆ.ಆರ್.ಡಿ. ಒಬ್ಬರೇ ಅಂಚೆಚೀಲಗಳೊಂದಿಗೆ ಮೇಲೇರಿದರು. ವಿಮಾನದ ಹೆಸರು ಪುಸ್ ಮಾತ್. ಅದನ್ನು ತಯಾರಿಸಿದ ಡಿ ಹ್ಯಾವಿಲೆಂಡ್ ಅವರಿಗೆ ಪತಂಗಗಳನ್ನು ಸಂಗ್ರಹಿಸುವ ಹವ್ಯಾಸ. ತಮ್ಮ ಹಲವು ವಿಮಾನಗಳಿಗೆ ಒಂದೊಂದು ಜಾತಿಯ ಪತಂಗದ ಹೆಸರಿಟ್ಟಿದ್ದರು. ಹೆಸರಿಗೆ ತಕ್ಕಂತೆ ಅದು ಹಗುರವಾದ, ಪೈಲಟ್‌ನನ್ನು ಬಿಟ್ಟರೆ ಇಬ್ಬರು ಕೂರಬಹುದಾದ ವಿಮಾನ. ರೇಡಿಯೊ ಇಲ್ಲ, ದಾರಿ ತೋರಿಸುವ ದೀಪಗಳಿಲ್ಲ, ನೆಲದಿಂದ ಹವಾಮಾನ ತಿಳಿಸುವವರಿಲ್ಲ. ಜೆ.ಆರ್.ಡಿ. ಬಳಿ ಇದ್ದದ್ದು ಕಣ್ಣಿಗೆ ಗಾಗಲ್ಸ್, ಲೆಕ್ಕಕ್ಕೆ ಒಂದು ಸ್ಲೈಡ್ ರೂಲ್.

ಅವರು ಸಮುದ್ರದ ಮೇಲೆ ನೇರ ಗೆರೆಯಲ್ಲಿ ಹೋಗಲಿಲ್ಲ. ಒಂಟಿ ಎಂಜಿನ್ನನ್ನು ನಂಬಿ ಸಮುದ್ರ ದಾಟುವುದು ಜಾಣತನವಲ್ಲ. ಜೊತೆಗೆ ಟ್ಯಾಂಕಿನ ಪೆಟ್ರೋಲು ಮುಂಬಯಿಯವರೆಗೆ ಸಾಲದು. ಆದ್ದರಿಂದ ಕಚ್ಛದ ರಣವನ್ನು ದಾಟಿ ಪೂರ್ವಕ್ಕೆ ಅಹಮದಾಬಾದಿಗೆ, ಅಲ್ಲಿಂದ ದಕ್ಷಿಣಕ್ಕೆ ತಿರುಗಿ ಮುಂಬಯಿಗೆ. ಹೀಗೆ 870 ಕಿ.ಮೀ. ದೂರ 1,030 ಕಿ.ಮೀ.ಗೆ ಬೆಳೆಯಿತು. ಅಹಮದಾಬಾದಿನಲ್ಲಿ ಬರ್ಮಾ ಶೆಲ್ ಕಂಪನಿಯ ಪೆಟ್ರೋಲು ಡಬ್ಬಗಳು ವಿಮಾನದ ಬಳಿಗೆ ಬಂದದ್ದು ಎತ್ತಿನ ಗಾಡಿಯಲ್ಲಿ. ಮಧ್ಯಾಹ್ನ 1.50ಕ್ಕೆ ವಿಮಾನ ಮುಂಬಯಿಯ ಜುಹುವಿನಲ್ಲಿ ಇಳಿಯಿತು. ಅದೂ ನಿಲ್ದಾಣವೆಂದು ಕರೆಯಬಹುದಾದ ಜಾಗವೇನಲ್ಲ. ಸಮುದ್ರದ ಪಕ್ಕದ ಕೆಸರು ಬಯಲು, ಅಂಚಿನಲ್ಲಿ ಗರಿ ಹೊದಿಸಿದ ಒಂದು ಗುಡಿಸಲು. ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುತ್ತಿದ್ದುದರಿಂದ ಇಡೀ ಸಂಸ್ಥೆ ಗಂಟುಮೂಟೆ ಕಟ್ಟಿಕೊಂಡು ಪುಣೆಗೆ ಹೋಗಬೇಕಾಗುತ್ತಿತ್ತು.

ಕಥೆಯ ಇಷ್ಟು ಭಾಗ ಬಹಳ ಜನರಿಗೆ ಗೊತ್ತು. ಅಷ್ಟಾಗಿ ನೆನಪಿನಲ್ಲಿ ಉಳಿಯದಿರುವುದು ಅದೇ ಮಧ್ಯಾಹ್ನದ ಮುಂದಿನ ಭಾಗ. ಜುಹುವಿನಲ್ಲಿ ಕಾದಿದ್ದ ವಿನ್ಸೆಂಟ್ ಮದರಾಸಿನ ಅಂಚೆಯನ್ನು ಇನ್ನೊಂದು ಪುಸ್ ಮಾತ್‌ಗೆ ಏರಿಸಿಕೊಂಡು ಆಗ್ನೇಯಕ್ಕೆ ಹಾರಿದರು. ಕತ್ತಲಾದ ಮೇಲೆ ಹಾರುವಂತಿಲ್ಲ. ಮುಂಬಯಿಯಿಂದ ಮದರಾಸಿಗೆ ಸಾವಿರ ಕಿಲೋಮೀಟರ್‌ಗೂ ಹೆಚ್ಚು. ನಡುವೆ ಎಲ್ಲಾದರೂ ಇಳಿದು ರಾತ್ರಿ ಕಳೆಯಲೇಬೇಕು. ಹಾಗೆ ಅವರು ಇಳಿದ ಊರು ಬಳ್ಳಾರಿ. ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯನ್ನು ಆರಿಸಿಕೊಂಡದ್ದು ಏಕೆಂಬುದು ನಕ್ಷೆಯ ಮೇಲೆ ಅಡಿಪಟ್ಟಿ ಇಟ್ಟು ನೋಡಿದರೆ ಅರ್ಧ ಅರ್ಥವಾಗುತ್ತದೆ: ಮುಂಬಯಿ–ಮದರಾಸು ನೇರ ಗೆರೆ ಬಳ್ಳಾರಿಗೆ ತೀರ ಸಮೀಪದಲ್ಲೇ ಹಾದುಹೋಗುತ್ತದೆ. ಅಲ್ಲಿ ಇಳಿದು ಹೊರಟರೆ ಹೆಚ್ಚಾಗುವ ದೂರ ಕೆಲವೇ ಕಿಲೋಮೀಟರ್ ಅಷ್ಟೆ. ಟಾಟಾ ವಿಮಾನಸೇವೆ ತನ್ನ ಮೊದಲ ರಾತ್ರಿಯನ್ನು ಕಳೆದದ್ದು ಹೀಗೆ ಕನ್ನಡದ ಬಿಸಿಲು ನಾಡಿನಲ್ಲಿ. ಮರುದಿನ ಅಂಚೆ ಮದರಾಸು ಸೇರಿತು.

ಕೆಲಕಾಲದ ನಂತರ ಹಾದಿಯಲ್ಲಿ ಹೈದರಾಬಾದ್ ಸೇರಿಕೊಂಡು ಬಳ್ಳಾರಿಯ ಮಹತ್ವ ತಗ್ಗಿತು. ವಿನ್ಸೆಂಟ್ 1942ರಲ್ಲಿ, ಯುದ್ಧದ ನಡುವೆ ಇಂಗ್ಲೆಂಡಿನಿಂದ ಭಾರತಕ್ಕೆ ಹಿಂದಿರುಗುತ್ತಿದ್ದಾಗ ವಿಮಾನದೊಡನೆ ಕಣ್ಮರೆಯಾದರು. ಆದರೆ ಸೇವೆ ಬೇರೂರಿತು. ಮೊದಲ ಪೂರ್ಣ ವರ್ಷದಲ್ಲಿ 1,60,000 ಮೈಲಿ ಹಾರಾಟ, 155 ಪ್ರಯಾಣಿಕರು, 60,000 ರೂಪಾಯಿ ಲಾಭ. ಅದಕ್ಕಿಂತ ದೊಡ್ಡ ಹೆಗ್ಗಳಿಕೆ ಹೊತ್ತುಪಾಲನೆಯದು. ವಾರಕ್ಕೊಮ್ಮೆ ಲಂಡನ್ನಿನ ಅಂಚೆ ಕರಾಚಿಗೆ ತಡವಾಗಿ ಬಂದರೂ ಅಲ್ಲಿಂದೀಚೆಗೆ ತಡವಾಗುತ್ತಿರಲಿಲ್ಲ. 1938ರ ಹೊತ್ತಿಗೆ ಈ ಹಾದಿ ಕೊಲಂಬೊವರೆಗೂ ಚಾಚಿತು. ವಿಮಾನಗಳು ದೊಡ್ಡವಾದವು, ಎಂಜಿನ್ನು ಎರಡಾಯಿತು, ಗಂಟೆಗಳು ಒಂದೊಂದಾಗಿ ಕಳಚಿಕೊಳ್ಳತೊಡಗಿದವು. 1946ರ ಜುಲೈಯಲ್ಲಿ ಸಂಸ್ಥೆಯ ಹೆಸರು ಏರ್ ಇಂಡಿಯಾ ಎಂದಾಯಿತು.

ಮರುವರ್ಷದ ಆಗಸ್ಟ್‌ನಲ್ಲಿ ಕರಾಚಿ ಬೇರೊಂದು ದೇಶದ ರಾಜಧಾನಿಯಾಯಿತು.

1947–48ರಲ್ಲಿ ಈ ಎರಡು ಬಂದರುಗಳ ನಡುವೆ ಅಂಚೆಚೀಲಗಳ ಬದಲು ಮನುಷ್ಯರು ಸಾಗಿದರು. ಸಿಂಧಿ ಹಿಂದೂಗಳಲ್ಲಿ ಬಹಳಷ್ಟು ಜನ ಕರಾಚಿಯಿಂದ ಹಡಗಿನಲ್ಲಿ ಮುಂಬಯಿಗೆ ಬಂದಿಳಿದರು, ಅನುಕೂಲವಿದ್ದವರು ವಿಮಾನದಲ್ಲಿ. ಕಲ್ಯಾಣದ ಬಳಿಯ ಸೈನಿಕ ಶಿಬಿರಗಳಲ್ಲಿ ಅವರನ್ನು ಇರಿಸಲಾಯಿತು. ಅದೇ ಇಂದಿನ ಉಲ್ಲಾಸನಗರ. ಎದುರು ದಿಕ್ಕಿನಲ್ಲಿ ಮುಂಬಯಿ, ಗುಜರಾತುಗಳ ಮುಸ್ಲಿಮ್ ವರ್ತಕ ಕುಟುಂಬಗಳು ಕರಾಚಿ ಸೇರಿದವು. ಮೆಮನ್ನರು, ಬೊಹ್ರಾಗಳು, ಪಾರ್ಸಿಗಳು, ಗೋವೆಯ ಕ್ರೈಸ್ತರು, ಎಲ್ಲರಿಗೂ ಎರಡು ಊರುಗಳಲ್ಲೂ ನೆಂಟರು. ಹೀಗಾಗಿ ವಿಭಜನೆಯಾದ ಮೇಲೆಯೂ ಈ ವಿಮಾನಕ್ಕೆ ಜನ ಬೇಕಷ್ಟಿದ್ದರು. 1948ರಲ್ಲಿ ಎರಡು ಸರ್ಕಾರಗಳೂ ವಿಮಾನ ಸಂಪರ್ಕದ ಒಪ್ಪಂದ ಮಾಡಿಕೊಂಡವು. ಯೂರೋಪಿನಿಂದ ಪೂರ್ವಕ್ಕೆ ಹೋಗುವ ವಿದೇಶಿ ವಿಮಾನಗಳಿಗೂ ಕರಾಚಿ ತಂಗುದಾಣವಾಗಿತ್ತು. 1951ರಲ್ಲಿ ಪಾಕಿಸ್ತಾನ ತನ್ನ ಗಡಿಯಾರವನ್ನು ಭಾರತಕ್ಕಿಂತ ಅರ್ಧ ಗಂಟೆ ಹಿಂದಿಟ್ಟಿತು. ಮುಂಬಯಿಯಿಂದ ಹೊರಟ ಒಂದೂವರೆ ಗಂಟೆಯ ವಿಮಾನ ಕರಾಚಿ ಸೇರುವಾಗ ಗಡಿಯಾರದ ಪ್ರಕಾರ ಒಂದೇ ಗಂಟೆಯಾಗಿರುತ್ತದೆ, ಬರುವಾಗ ಎರಡು!

ಇಲ್ಲಿ ಆಕಾಶದ ಕಾನೂನಿನ ಬಗ್ಗೆ ಒಂದು ಮಾತು. ವಿಮಾನಯುಗದ ಆರಂಭದಲ್ಲಿ, ಸಮುದ್ರದಂತೆ ಆಕಾಶವೂ ಎಲ್ಲರಿಗೂ ಮುಕ್ತವಾಗಿರಲಿ ಎಂಬ ವಾದವಿತ್ತು. ಮೊದಲ ಮಹಾಯುದ್ಧದಲ್ಲಿ ವಿಮಾನಗಳು ಬಾಂಬು ಹಾಕಿದ್ದನ್ನು ಕಂಡ ಮೇಲೆ ಆ ವಾದಕ್ಕೆ ಬೆಲೆ ಉಳಿಯಲಿಲ್ಲ. ತನ್ನ ನೆಲದ ಮೇಲಿನ ಆಕಾಶಕ್ಕೆ ಆಯಾ ದೇಶವೇ ಪೂರ್ಣ ಒಡೆಯ ಎಂಬುದನ್ನು 1919ರ ಪ್ಯಾರಿಸ್ ಒಪ್ಪಂದ ಹೇಳಿತು, 1944ರ ಷಿಕಾಗೊ ಒಪ್ಪಂದ ಮತ್ತೆ ಗಟ್ಟಿಗೊಳಿಸಿತು. ಇಳಿಯದೆ ಮೇಲಿನಿಂದ ಹಾದುಹೋಗಲು ಪರಸ್ಪರ ಅವಕಾಶ ಕೊಡುವ ಪ್ರತ್ಯೇಕ ಒಪ್ಪಂದವೊಂದೂ ಆಗ ಆಯಿತು. ಭಾರತ, ಪಾಕಿಸ್ತಾನ ಎರಡೂ ಅದಕ್ಕೆ ಸೇರಿದವು. ಕಾಗದದ ಮೇಲೆ ಸರಿಯಾಗಿಯೇ ಇದೆ. ಆದರೆ ನೆರೆಹೊರೆಯವರು ಮುನಿಸಿಕೊಂಡಾಗ ಮೊದಲು ಮುಚ್ಚುವ ಬಾಗಿಲು ಇದೇ.

1965ರ ಯುದ್ಧದಲ್ಲಿ ಮುಚ್ಚಿದ ಬಾಗಿಲು ತಾಷ್ಕೆಂಟ್ ಒಪ್ಪಂದದ ನಂತರ 1966ರಲ್ಲಿ ತೆರೆಯಿತು. 1971ರ ಜನವರಿ 30ರಂದು ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಲಾಹೋರಿಗೆ ಅಪಹರಿಸಿ ಸುಟ್ಟುಹಾಕಿದ ಬೆನ್ನಿಗೆ ಭಾರತ ತನ್ನ ಆಕಾಶವನ್ನು ಪಾಕಿಸ್ತಾನದ ವಿಮಾನಗಳಿಗೆ ಮುಚ್ಚಿತು. ಪಾಕಿಸ್ತಾನ ಆಗ ಎರಡು ರೆಕ್ಕೆಗಳ ದೇಶ, ನಡುವೆ ಭಾರತ. ಕರಾಚಿಯಿಂದ ಢಾಕಾಕ್ಕೆ ನೇರವಾಗಿ 2,350 ಕಿ.ಮೀ. ಇದ್ದ ಹಾದಿ ಕೊಲಂಬೊ ಸುತ್ತಿಕೊಂಡು 4,500 ಕಿ.ಮೀ. ಮೀರಿತು. ಆ ವರ್ಷದ ಮಾರ್ಚ್‌ನಿಂದ ಪೂರ್ವ ಬಂಗಾಳದಲ್ಲಿ ನಡೆದ ಘಟನೆಗಳಲ್ಲಿ ಈ ಸುತ್ತುಹಾದಿ ಪಾಕಿಸ್ತಾನದ ಸೇನೆಗೆ ಎಷ್ಟು ದುಬಾರಿಯಾಯಿತೆಂಬುದನ್ನು ಊಹಿಸಬಹುದು. ಪಾಕಿಸ್ತಾನ ಅಂತಾರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಗೆ ದೂರಿತು. ವಿಚಾರಿಸುವ ಅಧಿಕಾರವೇ ಅದಕ್ಕಿಲ್ಲ ಎಂದು ಭಾರತ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ ಹೋಯಿತು. ಅಧಿಕಾರವಿದೆ ಎಂದು ನ್ಯಾಯಾಲಯ 1972ರ ಆಗಸ್ಟ್‌ನಲ್ಲಿ ತೀರ್ಪು ಕೊಡುವ ಹೊತ್ತಿಗೆ ಢಾಕಾ ಸ್ವತಂತ್ರ ಬಾಂಗ್ಲಾದೇಶದ ರಾಜಧಾನಿಯಾಗಿತ್ತು. ಭಾರತ–ಪಾಕ್ ವಿಮಾನಗಳು ಮತ್ತೆ ಹಾರಿದ್ದು 1976ರಲ್ಲಿ.

ಮುಂದಿನದು ಬೇಗ ಹೇಳಿ ಮುಗಿಸಬಹುದಾದ ಕಥೆ. ಸಂಸತ್ತಿನ ಮೇಲಿನ ದಾಳಿಯ ನಂತರ 2002ರ ಜನವರಿ 1ರಂದು ನಿಂತ ಸಂಪರ್ಕ ಸರಿಯಾಗಿ ಎರಡು ವರ್ಷದ ಮೇಲೆ ಮರಳಿತು. ಪುಲ್ವಾಮಾ, ಬಾಲಾಕೋಟ್‌ಗಳ ನಂತರ 2019ರ ಫೆಬ್ರವರಿ 27ರಿಂದ ಜುಲೈ 16ರವರೆಗೆ ಪಾಕಿಸ್ತಾನದ ಆಕಾಶ ಮುಚ್ಚಿತ್ತು. ಸುತ್ತಿ ಹಾರಿದ್ದರಿಂದ ಜುಲೈ 2ರವರೆಗೆ ಏರ್ ಇಂಡಿಯಾಕ್ಕೆ ಆದ ನಷ್ಟ 491 ಕೋಟಿ ರೂಪಾಯಿ ಎಂದು ಸಚಿವರು ರಾಜ್ಯಸಭೆಗೆ ತಿಳಿಸಿದ್ದರು. ಪಹಲ್ಗಾಮ್ ಹತ್ಯಾಕಾಂಡದ ನಂತರ 2025ರ ಏಪ್ರಿಲ್ 24ರಂದು ಪಾಕಿಸ್ತಾನ, 30ರಂದು ಭಾರತ ಪರಸ್ಪರರ ವಿಮಾನಗಳಿಗೆ ಆಕಾಶ ಮುಚ್ಚಿದವು. ತಿಂಗಳಿಗೊಮ್ಮೆ ನವೀಕರಣಗೊಳ್ಳುತ್ತ ಆ ವರ್ಷ ಪೂರ್ತಿ ಈ ನಿರ್ಬಂಧ ಮುಂದುವರಿಯಿತು. ಕರಾಚಿ–ಮುಂಬಯಿ ನೇರ ವಿಮಾನವಂತೂ ಅದಕ್ಕೆ ಎಷ್ಟೋ ಮೊದಲೇ, 2010ರ ದಶಕ ಮುಗಿಯುವ ಹೊತ್ತಿಗೆ, ನಿಂತುಹೋಗಿತ್ತು. ಕರಾಚಿಯ ಭಾರತೀಯ ಕಾನ್ಸುಲ್ ಕಚೇರಿ 1994ರಲ್ಲೇ ಮುಚ್ಚಿದ್ದರಿಂದ ಅಲ್ಲಿನವರು ವೀಸಾಕ್ಕೆ ಇಸ್ಲಾಮಾಬಾದಿನತ್ತ ನೋಡಬೇಕಾಯಿತು. 2006ರಲ್ಲಿ ಮತ್ತೆ ಆರಂಭವಾಗಿದ್ದ ಮುನಾಬಾವ್–ಖೋಖ್ರಾಪಾರ್ ರೈಲೂ 2019ರ ಆಗಸ್ಟ್‌ನಲ್ಲಿ ನಿಂತಿತು. ಕರಾಚಿಯ ಅಕ್ಕ, ಮುಂಬಯಿಯ ತಮ್ಮ ಒಬ್ಬರನ್ನೊಬ್ಬರು ನೋಡಬೇಕೆಂದರೆ ಮೂರನೆಯ ದೇಶದಲ್ಲಿ ಭೇಟಿಯಾಗುವುದೇ ಸುಲಭ ಎನ್ನುವಂತಾಯಿತು.

ಜೆ.ಆರ್.ಡಿ. ಈ ಹಾದಿಯನ್ನು ಮರೆಯಲಿಲ್ಲ. ಮೂವತ್ತು ವರ್ಷ ತುಂಬಿದಾಗ, 1962ರಲ್ಲಿ, ಹಳೆಯ ಕಾಲದ ಪುಟ್ಟ ವಿಮಾನದಲ್ಲಿ ಮತ್ತೆ ಕರಾಚಿಯಿಂದ ಮುಂಬಯಿಗೆ ಒಬ್ಬರೇ ಹಾರಿ ಬಂದರು. ಐವತ್ತು ತುಂಬಿದಾಗ, 1982ರ ಅಕ್ಟೋಬರ್ 15ರಂದು, ಮತ್ತೊಮ್ಮೆ. ಆಗ ಅವರಿಗೆ 78 ವರ್ಷ. ಹಿಂದಿನ ಹಾರಾಟಕ್ಕೂ ಇದಕ್ಕೂ ನಡುವೆ ಎರಡು ದೇಶಗಳು ಎರಡು ಯುದ್ಧ ಮಾಡಿದ್ದವು; ತಾವು ಕಟ್ಟಿದ ಏರ್ ಇಂಡಿಯಾದ ಅಧ್ಯಕ್ಷಗಿರಿಯಿಂದ ಅವರನ್ನು ಸರ್ಕಾರ 1978ರಲ್ಲಿ ಇಳಿಸಿತ್ತು. ಆದರೂ ಕರಾಚಿಯಿಂದ ಹೊರಡಲು ಅನುಮತಿ ಸಿಕ್ಕಿತು, ಅಹಮದಾಬಾದಿನಲ್ಲಿ ಇಳಿದು ಜುಹುವಿಗೆ ಬಂದರು. 1993ರ ನವೆಂಬರ್‌ನಲ್ಲಿ ಅವರು ಜಿನೀವಾದಲ್ಲಿ ತೀರಿಕೊಂಡರು.

2021ರ ಅಕ್ಟೋಬರ್ 15ರಂದು ಆ ಹಾರಾಟದ ನೆನಪಿಗೆ ಯುವ ಪೈಲಟ್ ಆರೋಹಿ ಪಂಡಿತ್ ಹಗುರ ವಿಮಾನವೊಂದರಲ್ಲಿ ಒಬ್ಬರೇ ಅಹಮದಾಬಾದ್ ಮಾರ್ಗವಾಗಿ ಜುಹುವಿಗೆ ಹಾರಿದರು. ಆದರೆ ಅವರು ಹೊರಟದ್ದು ಕರಾಚಿಯಿಂದಲ್ಲ, ಕಚ್ಛದ ಭುಜ್‌ನಿಂದ. 1971ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ಬಾಂಬುಗಳಿಂದ ಕಿತ್ತುಹೋಗಿದ್ದ, ಪಕ್ಕದ ಮಾಧಾಪರ ಗ್ರಾಮದ ಸುಮಾರು 300 ಹೆಂಗಸರು ಮೂರು ದಿನಗಳಲ್ಲಿ ದುರಸ್ತಿ ಮಾಡಿಕೊಟ್ಟ ರನ್‌ವೇ ಇರುವ ಊರು ಅದು. ಅಲ್ಲಿಂದ ಕರಾಚಿ ವಾಯವ್ಯಕ್ಕೆ 310 ಕಿಲೋಮೀಟರ್. ಪುಸ್ ಮಾತ್‌ಗಾದರೆ ಎರಡು ಗಂಟೆಯ ಹಾದಿ.